ಮಾವಿನ ತೋಪಿನಿಂದ 750 ಹರ್ಟ್ಸ್

1982ನೇ ಇಸವಿ ಜನವರಿ 18, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಈ ಪ್ರಕರಣ ಶುರುವಾದದ್ದು ಆಗ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾನು ಡೈರಿ ಬರೆಯುವವನು. ದಿನಕ್ಕೊಂದು ಪುಟ, ಮೇಲೆ ತಾರೀಖು, ಕೆಳಗೆ ಆ ದಿನ ಪರೀಕ್ಷಿಸಿದ ಕಿವಿಗಳ ಸಂಖ್ಯೆ. ರೋಗಿಗಳ ಸಂಖ್ಯೆಯಲ್ಲ, ಕಿವಿಗಳದ್ದೇ. ಆ ದಿನದ್ದು ಹದಿನೇಳು. ಒಬ್ಬರ ಬಲಗಿವಿ ಸೋರುತ್ತಿದ್ದುದರಿಂದ ಅದನ್ನು ಬಿಡಬೇಕಾಯಿತು.

ಆಗ ನನಗೆ ಇಪ್ಪತ್ತೈದು ವರ್ಷ. ಜಯನಗರದ ಒಂದು ಸಣ್ಣ ಧರ್ಮಾಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಆಡಿಯೋಮೆಟ್ರಿ ಟೆಕ್ನಿಷಿಯನ್ ಆಗಿದ್ದೆ. ಯಾರ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು ಈ ಕೆಲಸ. ರೋಗಿಯ ತಲೆಗೆ ಹೆಡ್‌ಫೋನ್ ಹಾಕಿ, ಆಡಿಯೋಮೀಟರ್ ಎಂಬ ಯಂತ್ರದಿಂದ ಬೇರೆ ಬೇರೆ ಸ್ವರಗಳನ್ನು ಕೇಳಿಸುತ್ತೇವೆ. ಸ್ವರ ದಪ್ಪವೋ ತೆಳುವೋ ಎಂಬುದಕ್ಕೆ ಹರ್ಟ್ಸ್ ಎನ್ನುವ ಅಳತೆ, ಜೋರೋ ಮೆತ್ತಗೋ ಎಂಬುದಕ್ಕೆ ಡೆಸಿಬೆಲ್. ಕೇಳಿಸಿದಾಗ ರೋಗಿ ಬೆರಳೆತ್ತಬೇಕು. ನಾನು ಕಾರ್ಡಿನಲ್ಲಿ ಗುರುತು ಹಾಕಬೇಕು. ಕಾರ್ಡ್ ನೋಡಿ ಡಾಕ್ಟರು ತೀರ್ಮಾನ ಕೊಡುತ್ತಾರೆ.

ಆ ದಿನ 11.20ಕ್ಕೆ ಒಳಗೆ ಬಂದವರು ಇಬ್ಬರು ಹೆಂಗಸರು. ಚಿಕ್ಕವರು ಗಿರಿಜಾ (ಹೆಸರುಗಳನ್ನು ಬದಲಿಸಿದ್ದೇನೆ), ಇಪ್ಪತ್ತೇಳು ವರ್ಷ, ಪ್ರೈಮರಿ ಶಾಲೆಯ ಟೀಚರ್. ಜೊತೆಗೆ ಅವರ ಅತ್ತೆ ಪುಟ್ಟತಾಯಮ್ಮ. ಚಾಮರಾಜಪೇಟೆಯ ವಠಾರ ಬಿಟ್ಟು ಏಳು ತಿಂಗಳ ಹಿಂದೆ ಜೆ.ಪಿ. ನಗರದ ಆಚೆ ತುದಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋಗಿದ್ದರು. ಡಿಸೆಂಬರ್‌ನಿಂದ ಗಿರಿಜಾ ಅವರಿಗೆ ರಾತ್ರಿ ಒಂದು ಸದ್ದು ಕೇಳಿಸುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ.

"ನಾನು ಪಕ್ಕದ ರೂಮಲ್ಲೇ ಮಲಗೋದು ಕಣಪ್ಪ" ಎಂದರು ಪುಟ್ಟತಾಯಮ್ಮ. "ಇಲಿ ಓಡಾಡಿದ್ರೂ ನನಗೆ ಎಚ್ಚರ ಆಗುತ್ತೆ. ಒಂದು ಸದ್ದೂ ಇಲ್ಲ, ಗಿದ್ದೂ ಇಲ್ಲ."

ಡೈರಿಯಲ್ಲಿ ಅವರ ಬಗ್ಗೆ ಒಂದು ಸಾಲು ಬರೆದಿದ್ದೇನೆ: "ಅತ್ತೆ ಕುರ್ಚಿ ಎಳೆದುಕೊಂಡು ನನ್ನ ಮುಖದೆದುರೇ ಕೂತರು. ಜೋರು ಹೆಂಗಸು." ಆ ಸಾಲನ್ನು ಆಮೇಲೆ ಎಷ್ಟು ಸಲ ಓದಿಕೊಂಡೆನೋ ಲೆಕ್ಕವಿಲ್ಲ.

ಗಿರಿಜಾ ಅವರ ಕೇಳುವ ಶಕ್ತಿ ಪೂರ್ತಿ ಸರಿಯಾಗಿತ್ತು. ಹಾಗಾದರೆ ಉಳಿದದ್ದು ಟಿನಿಟಸ್. ಹೊರಗೆ ಏನೂ ಇಲ್ಲದೆ ಕಿವಿಯೊಳಗೇ ಸದ್ದು ಹುಟ್ಟುವ ತೊಂದರೆಗೆ ಆ ಹೆಸರು. ರೋಗಿ ತನಗೆ ಕೇಳುವ ಸದ್ದನ್ನು ನಮ್ಮ ಯಂತ್ರದ ಸ್ವರಕ್ಕೆ ಹೋಲಿಸಿ ಹೇಳಬೇಕು. ಸಾವಿರ ಹರ್ಟ್ಸ್ ಕೊಟ್ಟೆ. "ಇದಕ್ಕಿಂತ ದಪ್ಪ." ಐನೂರು ಕೊಟ್ಟೆ. "ಇಷ್ಟು ದಪ್ಪ ಅಲ್ಲ." 750ಕ್ಕೆ ಗುಂಡಿ ತಿರುಗಿಸಿದಾಗ ಅವರು ಮೇಜಿನ ಅಂಚು ಹಿಡಿದುಕೊಂಡರು.

"ಇದೇ ಸಾರ್. ಇದೇ."

ಇಷ್ಟು ಸ್ಪಷ್ಟವಾಗಿ ಹೋಲಿಕೆ ಸಿಗುವುದು ಅಪರೂಪ. ನನಗೆ ಖುಷಿಯಾಯಿತು. ಕೆಂಪು ಇಂಕಿನಲ್ಲಿ "ಟಿನಿಟಸ್, 750 ಹರ್ಟ್ಸ್" ಎಂದು ಬರೆದು ಕೆಳಗೆ ಗೆರೆ ಎಳೆದೆ. ನಮ್ಮ ಡಾಕ್ಟರು ಕಾರ್ಡ್ ನೋಡಿ ನಿದ್ದೆಗೆ ಮಾತ್ರೆ ಬರೆದು, ನಾಲ್ಕು ವಾರ ಬಿಟ್ಟು ಬನ್ನಿ ಎಂದರು. ಹೊರಡುವಾಗ ಗಿರಿಜಾ ನನ್ನನ್ನು ಕೇಳಿದರು: "ಯಾವ್ಯಾವ ರಾತ್ರಿ ಬರುತ್ತೆ ಅಂತ ಬರೆದಿಟ್ಕೊಂಡು ಬರ್ಲಾ ಸಾರ್?"

"ಬರೀರಿ" ಎಂದೆ. ನನ್ನಂಥ ಇನ್ನೊಬ್ಬರು ಸಿಕ್ಕರಲ್ಲ ಎಂದು ಮನಸ್ಸಿನಲ್ಲೇ ನಕ್ಕೆ.

ಫೆಬ್ರವರಿ 15ಕ್ಕೆ ಅವರು ಬಂದಾಗ ಕೈಯಲ್ಲಿ ಮಗ್ಗಿ ಪುಸ್ತಕದಷ್ಟು ದಪ್ಪದ ನೋಟ್‌ಬುಕ್ ಇತ್ತು. ಇಪ್ಪತ್ತೆಂಟು ರಾತ್ರಿಗಳು, ರಾತ್ರಿಗೊಂದು ಪುಟ. ಟೀಚರ್ ಅಲ್ಲವೇ, ನಾಲ್ಕು ಕಡ್ಡಿ ನಿಲ್ಲಿಸಿ ಐದನೆಯದನ್ನು ಅಡ್ಡ ಹಾಕಿ ಲೆಕ್ಕ ಇಟ್ಟಿದ್ದರು. ಕೊನೆಯ ಪುಟದಲ್ಲಿ ಮೊತ್ತ: ಸದ್ದು ಬಂದ ರಾತ್ರಿ ಹದಿಮೂರು, ಬಾರದ ರಾತ್ರಿ ಹದಿನೈದು. ಅವರ ಗಂಡ ನಾಗರಾಜ್ ಒಂದು ಯಂತ್ರದ ಕಾರ್ಖಾನೆಯಲ್ಲಿದ್ದರು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅದನ್ನೂ ಗಿರಿಜಾ ಗುರುತು ಮಾಡಿದ್ದರು. ಗಂಡ ಕೆಲಸಕ್ಕೆ ಹೋಗಿದ್ದ ಹನ್ನೆರಡು ರಾತ್ರಿಗಳಲ್ಲಿ ಹನ್ನೊಂದು ರಾತ್ರಿ ಸದ್ದು. ಗಂಡ ಮನೆಯಲ್ಲಿದ್ದ ಹದಿನಾರು ರಾತ್ರಿಗಳಲ್ಲಿ ಬರೀ ಎರಡು.

ಡಾಕ್ಟರು ಆ ಮೊತ್ತ ನೋಡಿ ಕನ್ನಡಕ ತೆಗೆದಿಟ್ಟರು. "ಗಂಡ ಇಲ್ಲದಾಗ ಬರುತ್ತೆ. ಗಂಡ ಇದ್ರೆ ಹೋಗುತ್ತೆ. ಇದು ಕಿವಿ ಕಾಯಿಲೆ ಅಲ್ಲಮ್ಮ, ಭಯದ ಕಾಯಿಲೆ. ಮನಸ್ಸಿನ ಡಾಕ್ಟರಿಗೆ ಪತ್ರ ಕೊಡ್ತೀನಿ. ಮಾರ್ಚ್ ಒಂದಕ್ಕೆ ಬನ್ನಿ, ಅಲ್ಲೀವರೆಗೂ ಮಾತ್ರೆ ಇನ್ನೊಂದು ಜಾಸ್ತಿ."

ಪುಟ್ಟತಾಯಮ್ಮ ಅಲ್ಲೇ ತಮ್ಮ ತೀರ್ಮಾನವನ್ನೂ ಹೇಳಿದರು. ಪತ್ರ ಕೈಗೆ ಬಂದ ದಿನವೇ ಸೊಸೆಯನ್ನು ತುಮಕೂರಿನ ತವರಿಗೆ ಕಳಿಸುವುದು, ವಾಸಿಯಾದ ಮೇಲೆ ಕರೆಸಿಕೊಳ್ಳುವುದು. ಶಾಲೆಯ ಹೆಡ್‌ಮಿಸ್ ಆಗಲೇ ರಜೆಯ ಮೇಲೆ ಕಳಿಸಿದ್ದರು. ಅಂಥ ಪತ್ರ ಅಂದರೆ ಕೆಲಸ ಹೋದ ಹಾಗೆಯೇ.

ಗಿರಿಜಾ ಅಳಲಿಲ್ಲ. ನೋಟ್‌ಬುಕ್ ಮುಚ್ಚಿ, ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನನ್ನ ಪುಸ್ತಕ ಯಾರೂ ಓದ್ಲಿಲ್ಲ ಸಾರ್. ಬರೀ ಮೊತ್ತ ನೋಡಿದ್ರಿ. ನಿಮಿಷಕ್ಕೆ ಹದಿಮೂರು, ಹದಿನಾಲ್ಕು ಅಂತ ಎಣಿಸಿ ಬರೆದಿದೀನಿ. ಕಿವಿ ಒಳಗಿನ ಸದ್ದಾದ್ರೆ ಹೀಗೆ ಬಿಟ್ಟು ಬಿಟ್ಟು ಬರುತ್ತಾ?"

ನನಗೆ ಮುಖಕ್ಕೆ ಹೊಡೆದಂತಾಯಿತು. ಟಿನಿಟಸ್ ಇರುವವರು ಹೇಳುವುದು ಜಿರ್ರೆನ್ನುವ ಸದ್ದು, ಮಳೆ ಸುರಿವಂಥ ಸದ್ದು, ಕುಕ್ಕರ್ ಆವಿಯ ಸದ್ದು. ಒಂದೇ ಸಮನೆ ಇರುತ್ತದೆ. ನಾಲ್ಕೈದು ಸೆಕೆಂಡಿಗೊಮ್ಮೆ ಒಂದೇ ಒಂದು ಬಿಡಿ ಸ್ವರ ಬರುವುದನ್ನು ನಾನು ಕೇಳಿರಲಿಲ್ಲ. ಜನವರಿ 18ರಂದು ಅವರಿಗೆ ನಾನು ಉದ್ದಕ್ಕೆ ಎಳೆದ ಸ್ವರ ಕೊಟ್ಟು "ಇದೇನಾ" ಎಂದಿದ್ದೆ. ಸ್ವರ ಅದೇ, ಹೌದು. ಬರುವ ರೀತಿ ಹೇಗೆ ಎಂದು ಕೇಳಿರಲಿಲ್ಲ, ಏಕೆಂದರೆ ಕಾರ್ಡಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ನನ್ನ ಕೆಂಪು ಇಂಕಿನ ಅಂಕಿ ನೋಡಿಯೇ ಡಾಕ್ಟರು ನಂಬಿದ್ದು.

ಮಧ್ಯಾಹ್ನ ರೋಗಿಗಳು ಮುಗಿದ ಮೇಲೆ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಇಷ್ಟು ಅಂದರು: "ಕಾರ್ಡಲ್ಲಿ ಇರೋದನ್ನ ನಾನು ನಂಬ್ತೀನಿ. ಕಾರ್ಡ್ ಬರೆದೋನು ನೀನು. ತಪ್ಪು ಅಂದ್ರೆ ತಿದ್ದೋನೂ ನೀನೇ. ಹೊರಗಿನ ಸದ್ದು ಅನ್ನೋದಾದ್ರೆ ಯಾವುದರ ಸದ್ದು ಅಂತ ಹೆಸರು ತಗೊಂಡು ಬಾ. 'ಏನೋ ಒಂದು' ಅಂತ ಬಂದ್ರೆ ಪತ್ರ ಬರೆದು ಕೊಡ್ತೀನಿ."

ಉಳಿದದ್ದು ಹದಿನಾಲ್ಕು ದಿನ.

ಫೆಬ್ರವರಿ 21, ಭಾನುವಾರ ಸಂಜೆ ಸೈಕಲ್ ಮೇಲೆ ಅವರ ಮನೆಗೆ ಹೋದೆ. ಜೇಬಿನಲ್ಲಿ ಆಸ್ಪತ್ರೆಯ ಸ್ಟಾಪ್‌ವಾಚ್, ಕ್ಯಾರಿಯರ್‌ನಲ್ಲಿ ಗೆಳೆಯನ ಕ್ಯಾಸೆಟ್ ರೆಕಾರ್ಡರ್. ಬಡಾವಣೆಯ ಆ ಭಾಗದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಬೀದಿ ದೀಪ ಬಂದಿರಲಿಲ್ಲ. ಮನೆಯ ಹಿಂದೆ ಹಳೆಯ ಮಾವಿನ ತೋಪಿನ ಉಳಿಕೆ, ಹನ್ನೊಂದು ಮರ, ಮಧ್ಯೆ ಒಂದು ಬತ್ತಿದ ಬಾವಿ. ತೋಪು ಪಕ್ಕದ ಮನೆಯ ಮುನಿಯಪ್ಪನವರದ್ದು. ಅವರು ಆ ಊರಿನ ಹಳೆಯ ರೈತ, ಹೊಲವೆಲ್ಲ ಬಡಾವಣೆಗೆ ಹೋಗಿ ತೋಪೊಂದು ಉಳಿದಿತ್ತು.

ನನ್ನನ್ನು ನೆಂಟರ ಹಾಗೆ ನೋಡಿಕೊಂಡರು. ಚಿತ್ರಾನ್ನ, ಎರಡು ಸಲ ಕಾಫಿ. ಒಳಗೆ ಹೊರಗೆ ಎಲ್ಲ ದೀಪ ಹಾಕಿದರು. "ಆಸ್ಪತ್ರೆಯೋರು ಬಂದವ್ರೆ" ಎಂದು ಮುನಿಯಪ್ಪ ಸಂಸಾರ ಸಮೇತ ಬಂದು ಜಗಲಿಯ ಮೇಲೆ ಕೂತರು. ನಾನು ಹಿತ್ತಲ ಬಾಗಿಲಲ್ಲಿ ಸ್ಟಾಪ್‌ವಾಚ್ ಹಿಡಿದು 12.15ರವರೆಗೆ ಕೂತೆ. ನಾಯಿ ಬೊಗಳಿದ್ದು ಇಪ್ಪತ್ತಾರು ಸಲ. ದೂರದಲ್ಲಿ ಲಾರಿ, ಆರು. ಅದು ಬಿಟ್ಟರೆ ಏನೂ ಇಲ್ಲ.

ಪುಟ್ಟತಾಯಮ್ಮ ನನ್ನನ್ನೇ ನೋಡುತ್ತಿದ್ದರು. "ನಾನು ಹೇಳ್ಲಿಲ್ವಾ ಮಗಾ?"

ಗೇಟಿನ ಹತ್ತಿರ ನಾಗರಾಜ್ ಸೈಕಲ್ ಹಿಡಿದುಕೊಂಡರು. ಒಳ್ಳೆಯ ಮನುಷ್ಯ, ಸೋತು ಹೋಗಿದ್ದರು. "ಸಾರ್, ನಿಮಗೆ ತೊಂದ್ರೆ ಕೊಟ್ವಿ. ಬಿಟ್ಬಿಡಿ. ಪತ್ರ ಕೊಟ್ರೆ ಕರ್ಕೊಂಡು ಹೋಗ್ತೀನಿ." ಅಷ್ಟರಲ್ಲಿ ಗಿರಿಜಾ ಒಳಗಿನಿಂದ ಬಂದು ನೋಟ್‌ಬುಕ್ಕನ್ನು ಸೈಕಲ್ ಬುಟ್ಟಿಗೆ ಹಾಕಿದರು. "ಓದಿ ಕೊಡಿ" ಎಂದಷ್ಟೇ ಹೇಳಿ ಹೋದರು.

ತಿಲಕ್ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಮರುದಿನ ಸಂಜೆ ಕೂತು ಓದಿದೆ, ಒಂದೊಂದೇ ಪುಟ, ಕೊನೆಯ ಮೊತ್ತ ಮುಚ್ಚಿಕೊಂಡು. ಗಂಡ ಮನೆಯಲ್ಲಿದ್ದೂ ಸದ್ದು ಬಂದ ರಾತ್ರಿಗಳು ಜನವರಿ 28 ಮತ್ತು ಫೆಬ್ರವರಿ 11. ಎರಡೂ ಪುಟಗಳ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದೇ ಮಾತು: "ಕರೆಂಟ್ ಹೋಗಿತ್ತು." ಬೇರೆ ಇಪ್ಪತ್ತಾರು ಪುಟಗಳಲ್ಲಿ ಆ ಮಾತಿಲ್ಲ. ಆ ಎರಡು ರಾತ್ರಿಯೂ ಗಂಡ ಗಾಢ ನಿದ್ದೆಯಲ್ಲಿದ್ದರು ಎಂದೂ ಬರೆದಿದ್ದರು.

ಮಂಗಳವಾರ ಸಂಜೆ ಮತ್ತೆ ಹೋಗಿ ಒಂದೇ ಪ್ರಶ್ನೆ ಕೇಳಿದೆ. ಹಿತ್ತಲ ದೀಪ ಯಾವಾಗ ಉರಿಯುತ್ತದೆ?

"ಮಗ ಇದ್ರೆ ರಾತ್ರಿಯೆಲ್ಲ ಉರಿಸ್ತಾನೆ, ಇವಳಿಗೆ ಧೈರ್ಯ ಇರ್ಲಿ ಅಂತ" ಎಂದರು ಪುಟ್ಟತಾಯಮ್ಮ. "ಅವನು ಪಾಳಿಗೆ ಹೋದ್ರೆ ನಾನೇ ಆರಿಸ್ತೀನಿ. ನೂರು ಕ್ಯಾಂಡಲ್ ಬಲ್ಬು ಯಾರಿಗೆ, ನಾಯಿಗಾ?"

"ಇವರು ಸದ್ದು ಬಂತು ಅಂತ ಕೂಗಿದಾಗ?"

"ಎದ್ದು ಬಂದು ಮೊದ್ಲು ಆ ಬಲ್ಬು ಹಾಕ್ತೀನಿ. ಹೊರಗೆ ಹೋಗಿ ನಿಂತ್ಕೋತೀನಿ. ಏನೂ ಇರಲ್ಲ."

ಗಂಡ ಇದ್ದರೆ ಸದ್ದಿಲ್ಲ ಎಂದಲ್ಲ. ಬಲ್ಬು ಇದ್ದರೆ ಸದ್ದಿಲ್ಲ. ಕಿವಿಯೊಳಗಿನ ಸದ್ದಿಗೆ ಹಿತ್ತಲ ಬಲ್ಬಿನ ಹಂಗಿಲ್ಲ. ಬೆಳಕಿಗೆ ಹೆದರುವ ಜೀವಕ್ಕೆ ಇರುತ್ತದೆ. ಬಲ್ಬು ಆರಿದ್ದ ಹನ್ನೆರಡು ಪಾಳಿ ರಾತ್ರಿಗಳಲ್ಲಿ ಸದ್ದು ಬಾರದ ಒಂದೇ ರಾತ್ರಿ, ಫೆಬ್ರವರಿ 3, ನನಗೆ ಇಂದಿಗೂ ಅರ್ಥವಾಗಿಲ್ಲ.

ಆ ವಾರ ಜಯನಗರದ ಲೈಬ್ರರಿಯಲ್ಲಿ ಹಕ್ಕಿಗಳ ಪುಸ್ತಕ ಹಿಡಿದು ಮೂರು ಸಂಜೆ ಕೂತೆ. ರಾತ್ರಿ ಕೂಗುವವುಗಳನ್ನು ಡೈರಿಯಲ್ಲಿ ಪಟ್ಟಿ ಮಾಡಿದೆ. ಕಣಜದ ಗೂಬೆ: ಕರ್ಕಶವಾಗಿ ಚೀರುತ್ತದೆ. ಹಾಲಕ್ಕಿ: ಚಿರ್ ಚಿರ್ ಎಂದು ಜಗಳವಾಡಿದಂತೆ, ಜೋಡಿಯಾಗಿ. ನೆತ್ತಿಂಗ: ಚಕ್ ಚಕ್ ಚಕ್ ಎಂದು ಶುರುವಾಗಿ ಪುಟಿವ ಚೆಂಡಿನಂತೆ ಬೇಗ ಬೇಗ. ಕಂಚುಗಾರ ಹಕ್ಕಿಯದು ಟುಕ್ ಟುಕ್, ಆದರೆ ಅದು ಹಗಲಿನದು. ಕೊನೆಗೆ ಕಾಲರ್ಡ್ ಸ್ಕಾಪ್ಸ್ ಔಲ್ ಎಂಬ ಗೇಣುದ್ದದ ಗೂಬೆ: ಮೆತ್ತಗೆ, ಪ್ರಶ್ನೆ ಕೇಳಿದಂತೆ, ಒಂದೇ ಸ್ವರ, ಕೆಲವು ಸೆಕೆಂಡಿಗೊಮ್ಮೆ. ಇದರ ಪಕ್ಕದಲ್ಲಿ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟೆ. ಚುಕ್ಕೆ ಮಾತ್ರ. ಕೆಂಪು ಇಂಕು ತೆಗೆಯಲಿಲ್ಲ.

ಫೆಬ್ರವರಿ 27, ಶನಿವಾರ. ನಾಗರಾಜ್‌ಗೆ ಹಗಲು ಪಾಳಿ ಮುಗಿದಿತ್ತು. ಒಂಬತ್ತೂವರೆಗೆ ಮನೆಯ ಎಲ್ಲ ದೀಪ ಆರಿಸಲು ಹೇಳಿದೆ. ಈ ಸಲ ಚಿತ್ರಾನ್ನ ಬೇಡ ಎಂದೆ. ಗಿರಿಜಾ, ನಾಗರಾಜ್, ಪುಟ್ಟತಾಯಮ್ಮ, ಮುನಿಯಪ್ಪ, ನಾನು, ಐದು ಜನ ಹಿತ್ತಲ ಬಾಗಿಲ ಒಳಗೆ ಚಾಪೆಯ ಮೇಲೆ ಕೂತೆವು. ಯಾರೂ ಮಾತಾಡಬಾರದು ಎಂಬುದು ಕರಾರು. ಪಕ್ಕದವರ ಮುಖವೂ ಕಾಣದಷ್ಟು ಕತ್ತಲು.

10 ಗಂಟೆ 42 ನಿಮಿಷಕ್ಕೆ ತೋಪಿನಿಂದ ಬಂತು.

"ವುಕ್?"

ಅಷ್ಟೇ. ಕಪ್ಪೆಯ ಸ್ವರವೋ, ಖಾಲಿ ಮಡಕೆಯ ಬಾಯಿಗೆ ತುಟಿ ಇಟ್ಟು ಊದಿದ್ದೋ ಎನ್ನುವ ಹಾಗೆ. ನಾಲ್ಕು ಸೆಕೆಂಡು ಬಿಟ್ಟು ಮತ್ತೆ. ಮತ್ತೆ. ಕತ್ತಲಲ್ಲೂ ಹೊಳೆಯುವ ರೇಡಿಯಂ ಮುಳ್ಳು ನೋಡಿ ಸ್ಟಾಪ್‌ವಾಚ್ ಒತ್ತಿದೆ.

ಕತ್ತಲಲ್ಲಿ ನಾಗರಾಜ್ ಧ್ವನಿ, ಕರಾರು ಮುರಿದು: "ಗಿರಿಜಾ... ಇದಾ?"

"ಇದೇ."

"ಇಷ್ಟು ದಿನ ಇದಾ?"

"ಇದೇ ರೀ. ಇದೇ."

ಐದು ನಿಮಿಷ ಎಣಿಸಿದೆ: ಹದಿಮೂರು, ಹದಿನಾಲ್ಕು, ಹದಿನಾಲ್ಕು, ಹನ್ನೆರಡು, ಹದಿನೈದು. ಒಟ್ಟು ಅರವತ್ತೆಂಟು. ಅವರ ಕಡ್ಡಿ ಲೆಕ್ಕಕ್ಕೂ ನನ್ನ ಗಡಿಯಾರಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಚೀಲದಿಂದ ಎರಡು ಟ್ಯೂನಿಂಗ್ ಫೋರ್ಕ್ ತೆಗೆದೆ. ತಟ್ಟಿದರೆ ಒಂದೇ ಸ್ವರ ಹೊರಡುವ ಕವಲುಗಡ್ಡಿಗಳು, ಒಂದು 512 ಹರ್ಟ್ಸ್, ಇನ್ನೊಂದು 1024. ಕೂಗು ಬಂದ ಕೂಡಲೇ ಮೊಣಕಾಲಿಗೆ ತಟ್ಟಿ ಕಿವಿಗಿಟ್ಟು ಹೋಲಿಸಿದೆ. ಮೊದಲಿನದಕ್ಕಿಂತ ಮೇಲೆ, ಎರಡನೆಯದಕ್ಕಿಂತ ಕೆಳಗೆ. ಜನವರಿಯಲ್ಲಿ ಅವರು ಬರೀ ನೆನಪಿನಿಂದ ಹೇಳಿದ 750 ಆ ನಡುವೆಯೇ ಇದೆ. ಕ್ಯಾಸೆಟ್ ರೆಕಾರ್ಡರ್‌ನಲ್ಲಿ ಮಾತ್ರ ಯಂತ್ರದ ಗೊರಗೊರ ಬಿಟ್ಟು ಇನ್ನೇನೂ ದಾಖಲಾಗಲಿಲ್ಲ.

ನಂತರ ಪರೀಕ್ಷೆ. ನಾಗರಾಜ್ ಬಲ್ಬು ಹಾಕಿದರು, ಕೂಗು ನಿಂತಿತು. ಆರಿಸಿದೆವು, ಆರು ನಿಮಿಷಕ್ಕೆ ಮತ್ತೆ ಶುರು. ಮೂರು ಸಲ ಮಾಡಿದೆವು. ಮೂರು ಸಲವೂ ಹಾಗೆಯೇ.

ನಡುವೆ ಒಮ್ಮೆ ಕತ್ತಲಲ್ಲಿ ಪಕ್ಕದಲ್ಲಿದ್ದ ಪುಟ್ಟತಾಯಮ್ಮನವರನ್ನು ಪಿಸುದನಿಯಲ್ಲಿ ಕೇಳಿದೆ: "ಅಮ್ಮಾ, ನಿಮಗೆ ಕೇಳಿಸ್ತಾ?" ಉತ್ತರವಿಲ್ಲ. ಕೋಪ ಇರಬೇಕು ಎಂದುಕೊಂಡೆ. ಇನ್ನೂ ಸ್ವಲ್ಪ ಜೋರಾಗಿ ಕೇಳಿದೆ. ಇಲ್ಲ. ಬಲ್ಬು ಹತ್ತಿದಾಗ ಅವರು ನನ್ನ ಕಡೆ ತಿರುಗಿ ಸಹಜವಾಗಿ ಕೇಳಿದರು: "ಇನ್ನೂ ಎಷ್ಟೊತ್ತು ಕೂರ್ಬೇಕಪ್ಪಾ? ಏನೂ ಬರ್ಲೇ ಇಲ್ವಲ್ಲ."

ಆಗ ಆ ಸಾಲು ನೆನಪಾಯಿತು. ಕುರ್ಚಿ ಎಳೆದುಕೊಂಡು ಮುಖದೆದುರೇ ಕೂತರು. ಜೋರು ಹೆಂಗಸಲ್ಲ. ಕಿವಿ ಮಂದ. ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ದಿನಕ್ಕೆ ಹದಿನೇಳು ಕಿವಿ ಅಳೆಯುವ ನಾನು, ಎದುರಿಗೇ ಕೂತಿದ್ದ ಆ ಎರಡನ್ನು ಬಿಟ್ಟಿದ್ದೆ. "ಒಂದು ಸದ್ದೂ ಇಲ್ಲ" ಎಂಬ ಸಾಕ್ಷಿ ಅವರದ್ದೇ.

ಆದರೆ ಹೆಸರು ಇನ್ನೂ ಸಿಕ್ಕಿರಲಿಲ್ಲ.

"ಇದಾ ಸಾರ್?" ಎಂದು ಮುನಿಯಪ್ಪ ನಕ್ಕರು. "ಇದಕ್ಕೆ ಇಷ್ಟೆಲ್ಲಾನಾ? ನಮ್ಮಪ್ಪನ ಕಾಲ್ದಿಂದ ಐತೆ. ಮಾವು ಹೂ ಬಿಡೋ ಟೈಮಿಗೆ ಶುರು ಆಯ್ತದೆ. ಮರಗಪ್ಪೆ ಸಾರ್ ಅದು."

"ಮತ್ತೆ ಹೇಳ್ಬಾರ್ದಿತ್ತಾ ಮುನಿಯಪ್ಪನೋರೇ?" ಎಂದರು ನಾಗರಾಜ್.

"ಯಾರು ಕೇಳಿದ್ರಿ? ಆಯಮ್ಮನಿಗೆ ಕಿವಿಯೊಳಗೆ ಏನೋ ಸದ್ದು ಅಂದ್ರಿ. ತೋಪಿನಾಗೆ ಅಂದ್ರಾ?"

ಕಪ್ಪೆಯೋ ಗೂಬೆಯೋ ನೋಡಿಯೇ ತೀರಬೇಕಿತ್ತು. ನಾನು ಹಿತ್ತಲ ಬಾಗಿಲಲ್ಲಿ, ನಾಗರಾಜ್ ಕಾಂಪೌಂಡಿನ ಆ ಮೂಲೆಯಲ್ಲಿ ನಿಂತು, ಕೂಗು ಬಂದ ದಿಕ್ಕಿಗೆ ಕೈ ಚಾಚಿ, ಕಾಲ ಬುಡದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆವು. ಬೆಳಿಗ್ಗೆ 6.10ಕ್ಕೆ ಆ ಎರಡು ಗೆರೆಗಳನ್ನು ಹಿಡಿದು ಹೊರಟರೆ ಅವು ಕೂಡಿದ್ದು ಬಾವಿಯಿಂದ ಮೂರನೆಯ ಮರದಲ್ಲಿ. ಬುಡದಲ್ಲಿ ಬಿಳಿ ಹಿಕ್ಕೆ, ಜೀರುಂಡೆಯ ರೆಕ್ಕೆ ಚೂರುಗಳಿದ್ದ ಒಣ ಉಂಡೆಗಳು. ಗೂಬೆಗಳು ಜೀರ್ಣವಾಗದ್ದನ್ನು ಹೀಗೆ ಉಂಡೆ ಮಾಡಿ ಕಕ್ಕುತ್ತವೆ ಎಂದು ಓದಿದ್ದೆ. ಕಪ್ಪೆ ಹಾಗೆ ಮಾಡುವುದಿಲ್ಲ. ಇಪ್ಪತ್ತು ನಿಮಿಷ ಕತ್ತು ನೋಯುವಷ್ಟು ನೋಡಿದೆವು. ಮೊದಲು ಕಂಡದ್ದು ಗಿರಿಜಾ ಅವರಿಗೆ.

"ಆ ಮುರಿದ ಕೊಂಬೆ ನೋಡಿ ಸಾರ್. ಅದು ಕೊಂಬೆ ಅಲ್ಲ."

ತೊಗಟೆಯ ಬಣ್ಣದ ಗೇಣುದ್ದದ ಹಕ್ಕಿ, ಕಾಂಡಕ್ಕೆ ಅಂಟಿಕೊಂಡು ನೆಟ್ಟಗೆ ನಿಂತಿತ್ತು. ತಲೆಯ ಮೇಲೆ ಎರಡು ಸಣ್ಣ ಕಿವಿ ಜುಟ್ಟು. ಕತ್ತಿನ ಹಿಂದೆ ಕಾಲರಿನಂಥ ಮಾಸಲು ಪಟ್ಟಿ. ನಮ್ಮನ್ನು ನೋಡಲು ಸೀಳಿನಷ್ಟೇ ಕಣ್ಣು ತೆರೆಯಿತು. ಗಾಢ ಕಂದು ಕಣ್ಣು. ಪುಸ್ತಕದ ವರ್ಣನೆಯ ಒಂದೊಂದು ಅಂಶಕ್ಕೂ ಡೈರಿಯಲ್ಲಿ ಟಿಕ್ ಹಾಕಿದೆ. ಕಾಲರ್ಡ್ ಸ್ಕಾಪ್ಸ್ ಔಲ್. ಕೂಗಿನಿಂದ ಮೊದಲು ಗುರುತು, ಕಣ್ಣಿನಿಂದ ಆಮೇಲೆ ಖಾತರಿ. ನನ್ನ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಆ ಬೆಳಿಗ್ಗೆ ನಾನು ಜಯನಗರದ ಅತಿ ದೊಡ್ಡ ಮನುಷ್ಯನಾಗಿದ್ದೆ.

ಮುನಿಯಪ್ಪ ತಲೆಯ ಮೇಲಿನ ಟವೆಲ್ ತೆಗೆದರು. "ಅರವತ್ತು ವರ್ಷ ಸಾರ್. ಅರವತ್ತು ವರ್ಷ ಇದನ್ನ ಕಪ್ಪೆ ಅಂದಿದೀನಿ."

ಹೊಸ ತೊಡಕು ಅಡುಗೆಮನೆಯಲ್ಲಿ ಕಾದಿತ್ತು. ಸುದ್ದಿಯನ್ನು ಮಗ ಜೋರಾಗಿ ಹೇಳಿದಾಗ ಪುಟ್ಟತಾಯಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಗೂಬೇನಾ! ಮನೆ ಹಿಂದೆ ಗೂಬೆ ಇಟ್ಕೊಂಡು ಸಂಸಾರ ಮಾಡ್ತಾರಾ? ಮರ ಕಡಿಸಿ, ಇಲ್ಲಾ ಮನೆ ಖಾಲಿ ಮಾಡಿ." ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ: "ಹಾಲಕ್ಕಿ ಇರ್ಬೋದಲ್ವಾ ಮಗಾ? ಬುಡುಬುಡಿಕೆಯವನು ಬೆಳಗಾಗೆದ್ದು ಹೇಳ್ತಾನಲ್ಲ, ಹಾಲಕ್ಕಿ ನುಡಿದೈತೆ, ಶುಭ ಆಗ್ತೈತೆ ಅಂತ. ಹಾಲಕ್ಕಿ ಆದ್ರೆ ಇರ್ಲಿ."

ನಾಗರಾಜ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಹಾಲಕ್ಕಿ ಅಂತಲೇ ಹೇಳ್ಬಿಡಿ ಸಾರ್. ನಿಮ್ಮ ಗಂಟೇನು ಹೋಗುತ್ತೆ?"

ಒಂದು ಕ್ಷಣ ಹೇಳಿಬಿಡೋಣ ಎನ್ನಿಸಿದ್ದು ನಿಜ. ಬಾಗಿಲಲ್ಲಿ ನಿಂತಿದ್ದ ಗಿರಿಜಾ ಕೇಳಿಸಿಕೊಂಡಿದ್ದರು.

"ಬೇಡ ರೀ. ನನಗೆ ಇಲ್ಲದ ಕಾಯಿಲೆ ಹೆಸರು ಇಟ್ಕೊಂಡು ಆರು ವಾರ ಆಯ್ತು. ಆ ಹಕ್ಕಿಗಾದ್ರೂ ಸರಿಯಾದ ಹೆಸರು ಇರ್ಲಿ."

ತೊಡಕು ಬಿಡಿಸಿದವರು ಮುನಿಯಪ್ಪ. ಪುಟ್ಟತಾಯಮ್ಮನವರ ಎದುರು ಕೂತು, ಕೈ ಬೆರಳು ಮಡಿಸುತ್ತ ಕೂಗಿ ಹೇಳಿದರು: "ಅಮ್ಮಾವ್ರೇ, ಅದು ಕೂಗ್ತಿದ್ದಂಗೇ ನನ್ನ ಮದುವೆ ಆಯ್ತು. ಕೂಗ್ತಿದ್ದಂಗೇ ಒಂಬತ್ತು ಮಕ್ಕಳಾದವು. ಒಂಬತ್ತೂ ಗಟ್ಟಿಯಾಗವೆ. ಕೆಟ್ಟದ್ದು ಮಾಡೋ ಹಕ್ಕಿ ಆಗಿದ್ರೆ ಎಂಟಕ್ಕಾದ್ರೂ ನಿಲ್ಲಿಸ್ತಿರ್ಲಿಲ್ವಾ?" ಪುಟ್ಟತಾಯಮ್ಮನಿಗೂ ನಗು ತಡೆಯಲಾಗಲಿಲ್ಲ. ಮರ ಉಳಿಯಿತು.

ಮಾರ್ಚ್ 1, ಸೋಮವಾರ, ಬೆಳಿಗ್ಗೆ 10.05. ಡಾಕ್ಟರು ನನ್ನ ನಾಲ್ಕು ಪುಟದ ವರದಿ ಓದಿದರು. ಗಿರಿಜಾ ಅವರ ನೋಟ್‌ಬುಕ್ಕನ್ನೂ ಓದಿದರು, ಈ ಸಲ ಮೊದಲ ಪುಟದಿಂದ.

"ಕಾರ್ಡಲ್ಲಿ ಗೂಬೇನ ಎಲ್ಲಿ ಬರೀತೀಯಯ್ಯಾ?"

"ಅಭಿಪ್ರಾಯ ಅನ್ನೋ ಕಾಲಂನಲ್ಲಿ ಸಾರ್."

"ಅದು ನನ್ನ ಕಾಲಂ" ಎಂದು ಅವರೇ ಪೆನ್ನು ತೆಗೆದರು. ನನ್ನ ಕೆಂಪು ಸಾಲನ್ನು ಹೊಡೆದುಹಾಕಿ, ಕೆಳಗೆ "ಕಿವಿ ಎರಡೂ ಉತ್ತಮ. ಸದ್ದಿನ ಮೂಲ: ಸ್ಕಾಪ್ಸ್ ಔಲ್, ಮಾವಿನ ಮರ" ಎಂದು ಬರೆದು ಸಹಿ ಮಾಡಿದರು. ಗಿರಿಜಾ ಅವರಿಗೆ, "ಕ್ಷಮಿಸಮ್ಮ, ಮಾತ್ರೆ ನಿಲ್ಲಿಸಿ. ನಾಳೆಯಿಂದ ಸ್ಕೂಲಿಗೆ ಹೋಗಿ" ಎಂದು ಹೆಡ್‌ಮಿಸ್‌ಗೆ ಎರಡು ಸಾಲಿನ ಪತ್ರ ಕೊಟ್ಟರು. ಮನಸ್ಸಿನ ಡಾಕ್ಟರಿಗೆ ಬರೆಯಬೇಕೆಂದಿದ್ದ ಪತ್ರ ಬರೆಯಲಿಲ್ಲ.

ಆಮೇಲೆ ಮೆಲ್ಲಗೆ ಎದ್ದು ಪುಟ್ಟತಾಯಮ್ಮನವರ ಕುರ್ಚಿಯ ಹಿಂದೆ ನಿಂತು ಮಾಮೂಲಿ ದನಿಯಲ್ಲಿ ಹೇಳಿದರು: "ಅಮ್ಮಾ, ನಿಮ್ಮ ಸೆರಗು ಕುರ್ಚಿಗೆ ಸಿಕ್ಕಿದೆ." ಪುಟ್ಟತಾಯಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೇ ಇದ್ದರು.

ಆ ದಿನದ ಕಿವಿಗಳಲ್ಲಿ ಹನ್ನೊಂದನೆಯದು ಮತ್ತು ಹನ್ನೆರಡನೆಯದು ಅವರದ್ದು. ಎರಡಕ್ಕೂ 55 ಡೆಸಿಬೆಲ್ ಕೊರತೆ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ, ಆಗಿನಿಂದ ಜನರ ಮುಖ ನೋಡಿಯೇ ಮಾತು ಹಿಡಿಯುವುದು ಅಭ್ಯಾಸವಾಗಿ, ಕಿವಿ ಮಂದವೆಂದು ಅವರಿಗೇ ಗೊತ್ತಿರಲಿಲ್ಲ.

ಏಪ್ರಿಲ್ 10ರ ಶನಿವಾರ ಅವರ ಮನೆಯಲ್ಲಿ ನನಗೆ ಊಟ. ಗಿರಿಜಾ ಶಾಲೆಗೆ ಹೋಗಲು ಶುರುಮಾಡಿ ಐದು ವಾರವಾಗಿತ್ತು. ಪುಟ್ಟತಾಯಮ್ಮನವರ ರವಿಕೆಗೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ಹಿಯರಿಂಗ್ ಏಡ್, ಅದರಿಂದ ಕಿವಿಗೆ ವೈರು. ಊಟವಾದ ಮೇಲೆ ಅವರೇ ಎದ್ದು ಹಿತ್ತಲ ಬಲ್ಬು ಆರಿಸಿ ಬಂದು ಚಾಪೆಯ ಮೇಲೆ ಕೂತರು. 9 ಗಂಟೆ 50 ನಿಮಿಷಕ್ಕೆ ತೋಪಿನಿಂದ ಬಂತು.

ಹನ್ನೊಂದು ಕೂಗನ್ನು ಅವರು ಕೇಳಿಸಿಕೊಂಡರು. ನಾನು ಎಣಿಸುತ್ತಿದ್ದೆ.

"ಇದಾ?" ಎಂದರು. "ಇಷ್ಟೇನಾ?" ಆಮೇಲೆ ಸೊಸೆಗೆ: "ಗಿರಿಜಾ, ನಾನು ಕಿವುಡಿ, ನನಗೆ ಕೇಳಿಸ್ಲಿಲ್ಲ. ಸರಿ. ಆ ಡಾಕ್ಟರು, ನನ್ನ ಮಗ, ಈ ಯಂತ್ರದ ಮಗ, ಇವರೆಲ್ಲ ನನ್ನ ಮಾತು ಹಿಡ್ಕೊಂಡು ಕೂತ್ರಲ್ಲ, ಇವರ ಕಿವಿಗೆ ಏನಾಗಿತ್ತು?"

ಕತ್ತಲಾಗಿದ್ದುದು ಒಳ್ಳೆಯದಾಯಿತು, ನನ್ನ ಮುಖ ಯಾರಿಗೂ ಕಾಣಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಆ ಮಾತಿನಲ್ಲೇ ಇದೆ. ಸದ್ದು ಇದೆ ಎನ್ನುವವರ ಕಿವಿಯನ್ನು ನಾವು ಯಂತ್ರವಿಟ್ಟು ಅಳೆಯುತ್ತೇವೆ; ಇಲ್ಲ ಎನ್ನುವವರನ್ನು ಸುಮ್ಮನೆ ನಂಬುತ್ತೇವೆ. ಮುಂದಿನ ವರ್ಷ ನಮ್ಮ ಆಸ್ಪತ್ರೆಯ ಕಾರ್ಡು ಹೊಸದಾಗಿ ಅಚ್ಚಾದಾಗ ಎರಡು ಕಾಲಂ ಸೇರಿದವು. ಒಂದು, ಸದ್ದು ಸತತವೋ, ಬಿಟ್ಟು ಬಿಟ್ಟು ಬರುವುದೋ. ಇನ್ನೊಂದು, ಸದ್ದಿಲ್ಲ ಎಂದವರು ಯಾರು, ಅವರ ಕಿವಿ ನೋಡಿದ್ದೀರಾ. ಎರಡನ್ನೂ ಬರೆದುಕೊಟ್ಟವನು ನಾನು. ಇದು 1986. ಈ ಮೂರು ವರ್ಷದಲ್ಲಿ ಎರಡನೆಯ ಕಾಲಂನಿಂದ ಒಂಬತ್ತು ಜನ ಅತ್ತೆ, ಮಾವ, ಗಂಡಂದಿರಿಗೆ ಹಿಯರಿಂಗ್ ಏಡ್ ಬಂದಿದೆ. ಲೆಕ್ಕ ಡೈರಿಯಲ್ಲಿದೆ.

ಒಂದು ಕೆಲಸ ಬಾಕಿ ಉಳಿದಿದೆ. ಕಾರ್ಡಿನಲ್ಲಿ ಆ ಹಕ್ಕಿಯ ಹೆಸರು ಇಂಗ್ಲಿಷಿನಲ್ಲೇ ಇದೆ. ಮುನಿಯಪ್ಪನವರ ಊರಿನಲ್ಲಿ ಅದು ಕಪ್ಪೆ, ಪುಟ್ಟತಾಯಮ್ಮನವರಿಗೆ ಈಗಲೂ ಅರ್ಧ ಹಾಲಕ್ಕಿ. ನಮ್ಮ ಸೀಮೆಯ ಹಳಬರು ಇದಕ್ಕೆ ಬೇರೆ ಹೆಸರು ಇಟ್ಟೇ ಇರಬೇಕು. ಬನಶಂಕರಿ, ಮಡಿವಾಳ, ಬಿ.ಟಿ.ಎಂ. ಕಡೆ ಹಳೆಯ ಮರವಿರುವ ಹಿತ್ತಲಿನವರು ಒಂದು ರಾತ್ರಿ ದೀಪ ಆರಿಸಿ ಕೂತು ನೋಡಿ. ನಿಮಿಷಕ್ಕೆ ಎಷ್ಟು ಸಲ ಕೂಗಿತು, ಯಾವ ತಿಂಗಳು, ಯಾವ ಮರ, ನಿಮ್ಮ ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಾರೆ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಹಾಕಿ. 1982ರ ಫೆಬ್ರವರಿ 3ರ ರಾತ್ರಿ ಅದು ಏಕೆ ಕೂಗಲಿಲ್ಲ ಎಂದು ಬಲ್ಲವರಿದ್ದರೆ ಅದನ್ನೂ ದಯವಿಟ್ಟು ತಿಳಿಸಿ. ನನ್ನ ಡೈರಿಯಲ್ಲಿ ಆ ಪುಟದ ಮೂಲೆಯನ್ನು ಖಾಲಿ ಬಿಟ್ಟಿದ್ದೇನೆ.